ತಾನಾಗಿ ಹೋಗಲಿ ಅಂದರೆ ಎಷ್ಟು ದಿನ?

2024ರ ಕೊನೆಯಲ್ಲಿ ವಿಶಾಖಪಟ್ಟಣದ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದಿಳಿದವರ ಸಾಮಾನು ತಪಾಸಣೆ ಮಾಡಿದಾಗ ಕೇಕಿನ ಪೊಟ್ಟಣಗಳೊಳಗಿಂದ ನೀಲಿ ನಾಲಿಗೆಯ ಆರು ಹಲ್ಲಿಗಳು ಹೊರಬಂದವು. ಅದರ ಹಿಂದಿನ ವರ್ಷ, 2023ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದಲೇ ಬಂದ ಸಾಮಾನಿನಲ್ಲಿ 234 ಪ್ರಾಣಿಗಳು ಸಿಕ್ಕಿದ್ದವು. ಹೆಬ್ಬಾವು, ಇಗ್ವಾನಾ, ಗೋಸುಂಬೆಗಳ ನಡುವೆ ಉಸಿರುಗಟ್ಟಿ ಸತ್ತ ಒಂದು ಕಾಂಗರೂ ಮರಿಯೂ ಇತ್ತು. ಇವು ಸಿಕ್ಕಿಬಿದ್ದವು. ಸಿಗದೆ ಒಳಗೆ ಬಂದವು, ಇಲ್ಲೇ ಮರಿ ಮಾಡಿಸಿ ಮಾರಿದವು ಬೆಂಗಳೂರಿನ ಫ್ಲ್ಯಾಟುಗಳಿಗೂ ವಿಶಾಖಪಟ್ಟಣದ ಮಧುರವಾಡದಂಥ ಹೊಸ ಬಡಾವಣೆಗಳಿಗೂ ಹೋಗಿ ಸೇರುತ್ತವೆ. ಗಾಜಿನ ಪೆಟ್ಟಿಗೆ, ಒಂದು ಬಲ್ಬು, ಒಣಕೊಂಬೆ, ಸೌತೆಕಾಯಿ ಹೋಳು. ಮನೆಗೆ ಹೊಸ ಸದಸ್ಯ.

ಒಂದು ದಿನ ಆ ಸದಸ್ಯನಿಗೆ ಕಾಯಿಲೆ ಬರುತ್ತದೆ. ನಾಯಿಗಾದರೆ ಏನು ಮಾಡಬೇಕೆಂದು ಬೀದಿಯಲ್ಲಿ ಹತ್ತು ಜನ ಹೇಳುತ್ತಾರೆ. ಹಲ್ಲಿಗಾದರೆ ಮನೆಯೊಳಗೇ ಎರಡು ಪಕ್ಷ. "ಒಂದು ಇಂಜೆಕ್ಷನ್ ಕೊಡಿಸಿಬಿಡೋಣ, ನರಳೋದು ನೋಡಕ್ಕಾಗಲ್ಲ" ಅನ್ನುವ ಮೊಮ್ಮಗ ಒಂದು ಕಡೆ; "ತಾನಾಗಿ ಹೋಗಲಿ ಬಿಡು, ಹಲ್ಲಿ ಕೊಂದ ಪಾಪ ಯಾಕೆ ಕಟ್ಕೋಬೇಕು" ಅನ್ನುವ ಅಜ್ಜಿ ಇನ್ನೊಂದು ಕಡೆ. ಅಜ್ಜಿಯ ಮಾತು ಮೇಲ್ನೋಟಕ್ಕೆ ಹೆಚ್ಚು ಕರುಣೆಯದಾಗಿ ಕಾಣುತ್ತದೆ. ಹಲ್ಲಿಯ ದೇಹ ಹೇಗೆ ನಡೆಯುತ್ತದೆ ಅನ್ನುವುದನ್ನು ತಿಳಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಹಾಗೆಂದು ಇಂಜೆಕ್ಷನ್ನಿಗೆ ಅವಸರಪಡುವ ಮೊಮ್ಮಗನ ಪಕ್ಷವೂ ನನ್ನದಲ್ಲ.

ಹಲ್ಲಿಯ ವಿಷಯದಲ್ಲಿ ನಮ್ಮ ಸಂಪ್ರದಾಯ ತೀರಾ ವಿಚಿತ್ರ. ಪಂಚಾಂಗದಲ್ಲಿ ಹಲ್ಲಿ ಯಾವ ಅಂಗದ ಮೇಲೆ ಬಿದ್ದರೆ ಏನು ಫಲ ಎಂಬ ಪಟ್ಟಿ ಇದೆ, ಮಾತಿನ ನಡುವೆ ಅದು ಲೊಚಗುಟ್ಟಿದರೆ ನಿಜವೆಂಬ ನಂಬಿಕೆ ಇದೆ, ಕಂಚಿಯ ವರದರಾಜ ದೇವಸ್ಥಾನಕ್ಕೆ ಹೋದವರು ಬಂಗಾರದ ಹಲ್ಲಿ ಮುಟ್ಟಿ ಬರುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಬಂದ ಮೇಲೆ ಹಾರುವ ಓತಿ ಎಂದರೆ ಕನ್ನಡಿಗರ ಕಣ್ಣು ಅರಳುತ್ತದೆ. ಆದರೆ ಇವು ಯಾವುವೂ ನಾವು ಊಟ ಹಾಕಿ ಸಾಕಿದ ಹಲ್ಲಿಗಳಲ್ಲ. ಗೋಡೆಯ ಹಲ್ಲಿ ಸತ್ತರೆ ಪೊರಕೆಯಲ್ಲಿ ಗುಡಿಸಿ ಹಾಕುತ್ತೇವೆ. ಹೆಸರಿಟ್ಟು, ಹೆಗಲ ಮೇಲೆ ಕೂರಿಸಿಕೊಂಡು, ಹುಟ್ಟುಹಬ್ಬ ಮಾಡಿದ ಹಲ್ಲಿ ಸಾಯುವುದಕ್ಕೆ ಬಿದ್ದಾಗ ಏನು ಮಾಡಬೇಕೆಂಬುದಕ್ಕೆ ಹಿರಿಯರ ಬಳಿ ಉತ್ತರವಿಲ್ಲ.

ಉತ್ತರ ಇಲ್ಲವೆಂದರೂ ಒಂದು ಅಳತೆಗೋಲು ಇದೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ಗುಣವಾಗದ ಸ್ಥಿತಿಯಲ್ಲಿ ನರಳುತ್ತಿತ್ತು. ವೈದ್ಯರನ್ನು ಕರೆಸಿ ವಿಷದ ಚುಚ್ಚುಮದ್ದು ಕೊಡಿಸಿ ಅದರ ಪ್ರಾಣ ತೆಗೆಸಲು ಒಪ್ಪಿದವರು ಗಾಂಧೀಜಿ. ಅಹಮದಾಬಾದಿನ ಜೈನರು ಸೇರಿದಂತೆ ದೇಶದ ನಾನಾ ಕಡೆಯಿಂದ ಸಿಟ್ಟಿನ ಕಾಗದಗಳು ಬಂದವು. ಆ ವರ್ಷದ ಅಕ್ಟೋಬರ್‌ನಲ್ಲಿ 'ಯಂಗ್ ಇಂಡಿಯಾ'ದಲ್ಲಿ ಅವರು ಈ ಕೆಲಸವನ್ನು ಸಮರ್ಥಿಸಿಕೊಂಡು ಬರೆದರು. ಚರ್ಚೆ ಬೆಳೆದಂತೆ ಇಂಥ ಸಾವನ್ನು ಅಹಿಂಸೆ ಎನ್ನಬೇಕಾದರೆ ನಾಲ್ಕು ಶರತ್ತು ಪೂರೈಸಬೇಕೆಂದರು. ಕಾಯಿಲೆ ಗುಣವಾಗದ್ದಾಗಿರಬೇಕು. ಸಂಬಂಧಪಟ್ಟವರೆಲ್ಲ ಆಸೆ ಬಿಟ್ಟಿರಬೇಕು. ಇನ್ನು ಯಾವ ಸೇವೆಯಿಂದಲೂ ಉಪಯೋಗವಿಲ್ಲದ ಹಂತ ಬಂದಿರಬೇಕು. ಆ ಜೀವಿಗೆ ತನ್ನ ಇಚ್ಛೆ ಹೇಳಿಕೊಳ್ಳಲು ಸಾಧ್ಯವಿರಬಾರದು. ಕರುವಿಗೆಂದು ಹುಟ್ಟಿದ ಈ ಶರತ್ತುಗಳನ್ನು ಹಲ್ಲಿಯ ಮುಂದೆ ಇಟ್ಟು ನೋಡಿದರೆ ಎರಡನೆಯದು ಬಹಳ ಬೇಗ ಪೂರೈಕೆಯಾಗುತ್ತದೆ. ಜನ ಹಲ್ಲಿಯ ಮೇಲಿನ ಆಸೆಯನ್ನು ನಾಯಿಯ ಮೇಲಿನದಕ್ಕಿಂತ ಬೇಗ ಬಿಡುತ್ತಾರೆ. ತೊಡಕಿರುವುದು ಒಂದನೆಯ ಮತ್ತು ಮೂರನೆಯ ಶರತ್ತುಗಳಲ್ಲಿ.

ಸಾಕಿದ ಹಲ್ಲಿಗಳನ್ನು ಡಾಕ್ಟರ ಮೇಜಿಗೆ ತರುವ ಕಾಯಿಲೆಗಳಲ್ಲಿ ಮೂಳೆ ಮೆತ್ತಗಾಗುವ ರೋಗಕ್ಕೆ ದೊಡ್ಡ ಪಾಲು. ಹಲ್ಲಿ ತಿನ್ನುವ ಸುಣ್ಣದ ಅಂಶ ಮೈಗೆ ಹತ್ತಬೇಕಾದರೆ ಡಿ3 ಜೀವಸತ್ವ ಬೇಕು. ಹಗಲು ಓಡಾಡುವ ಇಗ್ವಾನಾ, ಗಡ್ಡದ ಹಲ್ಲಿಗಳು (ಅಂಗಡಿಯವರ ಬಾಯಲ್ಲಿ ಬಿಯರ್ಡೆಡ್ ಡ್ರ್ಯಾಗನ್) ಅದನ್ನು ಚರ್ಮದಲ್ಲೇ ತಯಾರಿಸಿಕೊಳ್ಳಲು ಬಿಸಿಲಿನ ಅತಿನೇರಳೆ-ಬಿ ಕಿರಣ ಬೇಕು. ಕಿಟಕಿಯ ಗಾಜು ಬೆಳಕನ್ನು ಬಿಟ್ಟು ಆ ಕಿರಣವನ್ನು ತಡೆಯುತ್ತದೆ. ಹಾಗಾಗಿ ಬಾಲ್ಕನಿಯ ಗಾಜಿನ ಹಿಂದೆ ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲು ಕಾಯಿಸಿಕೊಂಡ ಹಲ್ಲಿಗೂ ಸಿಕ್ಕಿದ್ದು ಬರೀ ಸೆಕೆ. ಅದರ ಜೊತೆ ಸೌತೆಕಾಯಿ, ಬಾಳೆಹಣ್ಣು, ಪಾಲಕ್ ಸೊಪ್ಪು. ಮೊದಲೆರಡರಲ್ಲಿ ಸುಣ್ಣದಂಶ ಕಡಿಮೆ. ಪಾಲಕ್ಕಿನಲ್ಲಿರುವ ಆಕ್ಸಲೇಟು ಇದ್ದಷ್ಟನ್ನೂ ಕಟ್ಟಿಹಾಕುತ್ತದೆ. ರಕ್ತಕ್ಕೆ ಬೇಕಾದ ಸುಣ್ಣವನ್ನು ದೇಹ ಮೂಳೆಯಿಂದಲೇ ಕಿತ್ತು ಕೊಡತೊಡಗುತ್ತದೆ.

ಮೊದಲು ಕಾಣುವುದು ಕೆಳದವಡೆಯ ಊತ. ಬೆರಳಿಂದ ಮೆಲ್ಲಗೆ ಒತ್ತಿದರೆ ರಬ್ಬರಿನಂತೆ ಒಳಗೆ ಹೋಗುತ್ತದೆ. ತೊಡೆಗಳು ದಪ್ಪವಾಗುತ್ತವೆ, ಮೂಳೆ ಕಳೆದುಕೊಂಡ ಜಾಗವನ್ನು ನಾರಿನ ಅಂಗಾಂಶ ತುಂಬಿದ್ದಕ್ಕೆ ಬಂದ ದಪ್ಪ ಅದು, ಮನೆಯವರು ಮಾತ್ರ ಚೆನ್ನಾಗಿ ಮೈತುಂಬಿಕೊಂಡಿದೆ ಎಂದು ಖುಷಿಪಡುತ್ತಾರೆ. ಆಮೇಲೆ ಬೆರಳುಗಳಲ್ಲಿ ಸಣ್ಣ ನಡುಕ. ಮೈಯೆತ್ತಿ ನಡೆಯುತ್ತಿದ್ದದ್ದು ಹೊಟ್ಟೆ ಎಳೆದುಕೊಂಡು ಸಾಗುತ್ತದೆ. ಎಕ್ಸ್‌ರೇ ತೆಗೆಸಿದರೆ ಮೂಳೆಗಳ ಅಂಚು ಸರಿಯಾಗಿ ಕಾಣದಷ್ಟು ಮಸುಕು, ಅಲ್ಲಲ್ಲಿ ಯಾವಾಗ ಮುರಿಯಿತೆಂದು ಯಾರಿಗೂ ಗೊತ್ತಿರದ ಬಿರುಕುಗಳು.

ಈ ಹಂತದಲ್ಲಿ ಹಲ್ಲಿಯನ್ನು ನೋಡಿದವರಿಗೆ ಮುಗಿಯಿತೆಂದೇ ಅನ್ನಿಸುತ್ತದೆ. ಆದರೆ ಮೆತ್ತಗಾದ ದವಡೆ, ನಡುಗುವ ಕೈಕಾಲು, ಅನ್ನ ಬಿಟ್ಟ ಹೊಟ್ಟೆ ಇವಿಷ್ಟೇ ಇದ್ದರೆ ಗುಣವಾಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಕ್ಯಾಲ್ಸಿಯಂ, ಸರಿಯಾದ ದೀಪ, ಸಿರಿಂಜಿನಲ್ಲಿ ಊಟ, ನುಗ್ಗೆ ಸೊಪ್ಪಿನಂಥ ಸುಣ್ಣದಂಶದ ಎಲೆ. ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ದವಡೆ ಸೊಟ್ಟಗೇ ಉಳಿಯಬಹುದು. ಸೊಟ್ಟ ದವಡೆಯ ಇಗ್ವಾನಾ ಹತ್ತು ವರ್ಷ ಬಾಳಬಲ್ಲದು. ಬೆನ್ನುಮೂಳೆ ಮುರಿದು ಹಿಂಗಾಲು ಸ್ವಾಧೀನ ತಪ್ಪಿ, ಮಲಮೂತ್ರ ತಾನಾಗಿ ಹೋಗದೆ ದಿನಾ ಯಾರಾದರೂ ಹೊಟ್ಟೆ ಒತ್ತಿ ತೆಗೆಯಬೇಕಾದ ಸ್ಥಿತಿ ಬಂದರೆ ಲೆಕ್ಕ ಬೇರೆ. ಒಂದೇ ರೋಗದ ಈ ಎರಡು ತುದಿಗಳನ್ನು ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಕಷ್ಟ. ಎಕ್ಸ್‌ರೇ ಇಲ್ಲದೆ ದಯಾಮರಣದ ಮಾತೆತ್ತುವ ಡಾಕ್ಟರಿಗೂ ಎಕ್ಸ್‌ರೇ ಇಲ್ಲದೆ ಭರವಸೆ ಕೊಡುವ ಡಾಕ್ಟರಿಗೂ ನಾನು ಅಷ್ಟು ಕಿವಿಗೊಡಲಾರೆ.

ಉಳಿದ ರೋಗಗಳನ್ನು ಬೇಗ ಹೇಳಿ ಮುಂದೆ ಹೋಗಬಹುದು. ಮೊಟ್ಟೆ ಕಟ್ಟಿಕೊಂಡ ಹೆಣ್ಣು ಹಲ್ಲಿಗೆ ಶಸ್ತ್ರಚಿಕಿತ್ಸೆ ಇದೆ. ವಯಸ್ಸಾದ ಇಗ್ವಾನಾದ ಮೂತ್ರಪಿಂಡ ಸೋತಿದ್ದರೆ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಮೇಲೇರಿರುತ್ತದೆ. ಅಲ್ಲಿಂದ ಹಿಂದಿರುಗುವುದು ಅಪರೂಪ. ಗಡ್ಡದ ಹಲ್ಲಿಯ ಮೈಮೇಲೆ ಹಳದಿ ಹಕ್ಕಳೆಯಾಗಿ ಶುರುವಾಗಿ ಒಳಗೆ ಇಳಿಯುವ ಶಿಲೀಂಧ್ರ ರೋಗ ಬಹುಮಟ್ಟಿಗೆ ಕೊಲ್ಲುತ್ತದೆ. ಲೆಪರ್ಡ್ ಗೆಕ್ಕೊ ಎಂಬ ಚುಕ್ಕೆ ಹಲ್ಲಿಗೆ ಕರುಳಿನಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಸೇರಿದರೆ ಕೊಬ್ಬು ತುಂಬಿ ಗುಂಡಗಿರಬೇಕಾದ ಬಾಲ ಕಡ್ಡಿಯಾಗುತ್ತದೆ. ಅದನ್ನು ಬುಡಸಮೇತ ತೆಗೆಯುವ ಔಷಧಿ ಇಲ್ಲ, ಜೊತೆಯ ಹಲ್ಲಿಗಳಿಗೂ ದಾಟುತ್ತದೆ.

ಮೂರನೆಯ ಶರತ್ತು, ಸೇವೆ. ಇಲ್ಲಿ 1975ರ ಒಂದು ಪ್ರಯೋಗ ನೆನಪಿಸಿಕೊಳ್ಳಬೇಕು. ಅಮೆರಿಕದಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಇಗ್ವಾನಾಗಳಿಗೆ ಬ್ಯಾಕ್ಟೀರಿಯಾ ಚುಚ್ಚಿ ಬೇರೆ ಬೇರೆ ಶಾಖದಲ್ಲಿ ಇಟ್ಟರು. 42 ಡಿಗ್ರಿಯಲ್ಲಿದ್ದವು ಹೆಚ್ಚಾಗಿ ಬದುಕಿದವು, 34 ಡಿಗ್ರಿಯಲ್ಲಿದ್ದವು ಬಹುತೇಕ ಸತ್ತವು. ನಮಗೆ ಸೋಂಕಾದರೆ ಮೈ ತಾನೇ ಕಾಯುತ್ತದೆ. ಹಲ್ಲಿಗೆ ಜ್ವರ ಬರಬೇಕಾದರೆ ಅದು ನಡೆದುಹೋಗಿ ಬಿಸಿ ಜಾಗದಲ್ಲಿ ಕೂರಬೇಕು. ಎರಡಡಿ ಪೆಟ್ಟಿಗೆಯಲ್ಲಿ, 24 ಡಿಗ್ರಿಗೆ ಇಟ್ಟ ಏಸಿಯ ಕೋಣೆಯಲ್ಲಿ, ಅದಕ್ಕೆ ಹೋಗಲು ಜಾಗವೆಲ್ಲಿ? ಊಟವೂ ಅಷ್ಟೇ: ಮೈ ತಣ್ಣಗಿದ್ದರೆ ತಿಂದದ್ದು ಅರಗುವುದಿಲ್ಲ, ಕೊಟ್ಟ ಔಷಧಿ ಸರಿಯಾಗಿ ಹರಡುವುದಿಲ್ಲ. ಹಾಗಾಗಿ "ಆಂಟಿಬಯಾಟಿಕ್ ಕೊಟ್ಟರೂ ಏನೂ ಆಗಲಿಲ್ಲ" ಎಂಬ ಮಾತಿನ ಅರ್ಥ ಔಷಧಿ ಸೋತಿತೆಂದೇ ಆಗಬೇಕಿಲ್ಲ.

ವಿಶಾಖಪಟ್ಟಣದ ಹವೆ ಕೂಡ ಇಲ್ಲಿ ಒಂದು ಪಾತ್ರ. ಸಮುದ್ರದ ಅಂಟು ಗಾಳಿ ಮಳೆಕಾಡಿನ ಇಗ್ವಾನಾಗೆ ಹೆಚ್ಚು ಕಡಿಮೆ ಹೊಂದುತ್ತದೆ. ಆಸ್ಟ್ರೇಲಿಯಾದ ಒಣಭೂಮಿಯಿಂದ ಬಂದ ಗಡ್ಡದ ಹಲ್ಲಿಗೆ ಒಗ್ಗುವುದಿಲ್ಲ. ವಿಜಯವಾಡದ ಮೇ ತಿಂಗಳ ಬಿಸಿಲಿಗೆ ಗಾಜಿನ ಪೆಟ್ಟಿಗೆಯನ್ನು ನೇರ ಒಡ್ಡಿದರೆ ಯಾವ ಹಲ್ಲಿಯೂ ಬೆಂದುಹೋಗುತ್ತದೆ. ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದೇ ಇಲ್ಲ: ಅತಿನೇರಳೆ ದೀಪ ಕಣ್ಣಿಗೆ ಉರಿಯುತ್ತಿರುವಂತೆ ಕಂಡರೂ ಆರು ತಿಂಗಳಿಂದ ವರ್ಷದೊಳಗೆ ಆ ಕಿರಣ ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿರುತ್ತದೆ. ದೀಪ, ಶಾಖ, ನೀರು, ಊಟ ಇವನ್ನು ಸರಿಪಡಿಸಿ ಡಾಕ್ಟರ ಔಷಧಿಯೊಂದಿಗೆ ಎರಡು ಮೂರು ವಾರ ನೋಡದೆ ಸೇವೆ ಮುಗಿಯಿತೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಎಕ್ಸ್‌ರೇಯಲ್ಲಿ ಬೆನ್ನು ಮುರಿದದ್ದು ಕಂಡಿದ್ದರೆ ಮಾತ್ರ ಆ ಎರಡು ಮೂರು ವಾರವನ್ನೂ ಕೇಳಬಾರದು.

ಇನ್ನು ನೋವು. ಹಲ್ಲಿ ಅರಚುವುದಿಲ್ಲ, ಕಣ್ಣೀರಿಡುವುದಿಲ್ಲ. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಕೊನೆಯವರೆಗೂ ಕಾಯಿಲೆ ಅಡಗಿಸಿಡುತ್ತದೆ. ಅದಕ್ಕೆ ನೋವಿನ ಅರಿವೇ ಇಲ್ಲ ಎಂಬ ಮಾತು ಬಹಳ ಕಾಲ ನಡೆಯಿತು. 2012ರ ಕೇಂಬ್ರಿಜ್ ಘೋಷಣೆ ಪ್ರಾಣಿಗಳ ಪ್ರಜ್ಞೆಯ ಬಗ್ಗೆ ಹೇಳುವಾಗ ಸಸ್ತನಿ ಮತ್ತು ಹಕ್ಕಿಗಳ ಹೆಸರೆತ್ತಿ ಸರೀಸೃಪಗಳನ್ನು ಬಿಟ್ಟಿತ್ತು. 2024ರ ಏಪ್ರಿಲ್‌ನ ನ್ಯೂಯಾರ್ಕ್ ಘೋಷಣೆಯಲ್ಲಿ ಬೆನ್ನುಮೂಳೆಯ ಎಲ್ಲ ಪ್ರಾಣಿಗಳಲ್ಲೂ ಪ್ರಜ್ಞಾನುಭವದ ವಾಸ್ತವ ಸಾಧ್ಯತೆ ಇದೆ ಎಂದು ಸರೀಸೃಪಗಳನ್ನೂ ಸೇರಿಸಲಾಯಿತು. ಘೋಷಣೆಗಳಿಗಿಂತ ಗಟ್ಟಿ ಸಾಕ್ಷಿ ಔಷಧಿಯದು: 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಗಡ್ಡದ ಹಲ್ಲಿಗಳಿಗೆ ಮಾರ್ಫಿನ್ ಕೊಟ್ಟಾಗ ಸುಡುವ ಶಾಖಕ್ಕೆ ಅವು ಕಾಲು ಹಿಂತೆಗೆಯುವುದು ತಡವಾಯಿತು, ಅದುವರೆಗೆ ಡಾಕ್ಟರುಗಳು ಸಲೀಸಾಗಿ ಕೊಡುತ್ತಿದ್ದ ಬ್ಯುಟೊರ್ಫೆನಾಲ್ ಅವುಗಳಲ್ಲಿ ಕೆಲಸ ಮಾಡಲಿಲ್ಲ. ನೋವು ಶಮನಗೊಳ್ಳುವ ವ್ಯವಸ್ಥೆ ಇದೆಯೆಂದಾದರೆ ನೋವೂ ಇದೆ.

ಅದನ್ನು ಮನೆಯಲ್ಲಿ ಗುರುತಿಸುವುದು ಹೇಗೆ? ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೊಸ್ ನಾಯಿಬೆಕ್ಕುಗಳಿಗೆಂದು ರೂಪಿಸಿದ ಅಂಕಪಟ್ಟಿಯನ್ನು ಈಗ ಎಲ್ಲ ಪ್ರಾಣಿಗಳಿಗೂ ಬಳಸುತ್ತಾರೆ: ನೋವು, ಹಸಿವು, ನೀರು, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಹೆಚ್ಚೋ ಇಲ್ಲವೋ, ಒಂದೊಂದಕ್ಕೆ ಹತ್ತು ಅಂಕ, ಒಟ್ಟು 35 ದಾಟಿದರೆ ಬದುಕು ಸಹನೀಯ. ಹಲ್ಲಿಗೆ ಇದನ್ನು ಹಚ್ಚುವಾಗ ಸಂತೋಷದ ಕಾಲಂ ಎದುರು ಕೂತು ಪರದಾಡುವುದಕ್ಕಿಂತ ಆ ಒಂದು ಹಲ್ಲಿ ಆರೋಗ್ಯವಾಗಿದ್ದಾಗ ಏನೇನು ಮಾಡುತ್ತಿತ್ತೋ ಅದನ್ನು ಬರೆದುಕೊಳ್ಳುವುದು ಲೇಸು. ಬೆಳಗ್ಗೆ ದೀಪದಡಿ ಬಂದು ಮೈಹರಡುತ್ತಿತ್ತೇ, ತಲೆಯಾಡಿಸುತ್ತಿತ್ತೇ, ಹೊಸ ವಸ್ತುವನ್ನು ನಾಲಿಗೆಯಿಂದ ಮುಟ್ಟಿ ನೋಡುತ್ತಿತ್ತೇ, ಕೊಂಬೆಯ ತುದಿಗೆ ಹೋಗಿ ಮಲಗುತ್ತಿತ್ತೇ. ಅವುಗಳಲ್ಲಿ ಎಷ್ಟು ಉಳಿದಿವೆ? ಹಗಲೂ ಕಣ್ಣು ಮುಚ್ಚಿರುವುದು, ಮೈಬಣ್ಣ ಕಪ್ಪಿಟ್ಟೇ ಇರುವುದು, ಮುಟ್ಟಿದರೆ ಓಡುತ್ತಿದ್ದದ್ದು ಸುಮ್ಮನಿರುವುದು. ಮೊನ್ನೆ ಮೊನ್ನೆವರೆಗೆ ಕಚ್ಚಲು ಬರುತ್ತಿದ್ದ ಇಗ್ವಾನಾ "ಈಗ ತುಂಬಾ ಸಾಧು ಆಗಿದೆ" ಎಂದು ಯಾರಾದರೂ ಹೇಳಿದರೆ ಅದು ಒಳ್ಳೆಯ ಸುದ್ದಿಯಲ್ಲ. ಜೊತೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೆರಡು ಬಾರಿ ತೂಕ. ಕಣ್ಣಿಗೆ ಕಾಣದ ಇಳಿತ ಗ್ರಾಂ ಲೆಕ್ಕದಲ್ಲಿ ಕಾಣುತ್ತದೆ.

ನಾಲ್ಕನೆಯ ಶರತ್ತು ಇಚ್ಛೆಯದು; ಹಲ್ಲಿ ಅದನ್ನು ಹೇಳಿಕೊಳ್ಳಲಾರದು. ಕನ್ನಡನಾಡಿಗೆ ಇಚ್ಛಾಪೂರ್ವಕ ಸಾವು ಹೊಸದಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನ ಕೈಗೊಂಡವರ ಶಾಸನಗಳು ಸಾಲುಸಾಲಾಗಿವೆ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಅಪರಾಧವೆಂದಾಗ ಸುಪ್ರೀಂ ಕೋರ್ಟ್ ಅದೇ ತಿಂಗಳು ತಡೆ ಕೊಟ್ಟಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಗುಣವಾಗದ ರೋಗಿಗಳ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ದಾರಿ ಮಾಡಿಕೊಟ್ಟಾಗಲೂ ಎರಡೆರಡು ವೈದ್ಯ ಮಂಡಳಿಗಳು ಒಪ್ಪಬೇಕೆಂದಿತು. ಮನುಷ್ಯನಿಗೆ ಇಷ್ಟು ಕಾವಲು. ಮೃಗಾಲಯದ ಪ್ರಾಣಿಗೂ ನಿಯಮವಿದೆ: ಬದುಕಿಸಿಡುವುದೇ ಕ್ರೌರ್ಯ ಎನ್ನುವಷ್ಟು ಯಾತನೆಯಿದ್ದಾಗ ಮಾತ್ರ, ಅದೂ ಒಬ್ಬರ ಮಾತಿನ ಮೇಲಲ್ಲ. ಮನೆಯ ಹಲ್ಲಿಗೆ ಮಂಡಳಿಯೂ ಇಲ್ಲ, ದಾಖಲೆಯೂ ಇಲ್ಲ. ಕನಿಷ್ಠ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ, ಎರಡನ್ನೂ ಕಾಗದದ ಮೇಲೆ ಬರೆಸಿಕೊಳ್ಳಬಹುದು.

ಈಗ ಅಜ್ಜಿಯ ಮಾತಿಗೆ ಬರೋಣ. ಒಂದೇ ತೂಕದ ಸಸ್ತನಿಗೆ ಹೋಲಿಸಿದರೆ ಹಲ್ಲಿ ಸುಮ್ಮನಿದ್ದಾಗ ಖರ್ಚು ಮಾಡುವ ಶಕ್ತಿ ಸುಮಾರು ಹತ್ತರಲ್ಲಿ ಒಂದು ಪಾಲು. ತಿನ್ನದೆ ವಾರಗಟ್ಟಲೆ ಇರಬಲ್ಲದು. ಮಿದುಳು ಆಮ್ಲಜನಕ ಇಲ್ಲದೆಯೂ ಸಸ್ತನಿಗಳ ಮಿದುಳಿಗಿಂತ ಬಹಳ ಹೊತ್ತು ತಾಳುತ್ತದೆ. ಆರೋಗ್ಯವಂತ ಹಲ್ಲಿಯನ್ನು ಬರಗಾಲದಲ್ಲಿ ಕಾಪಾಡುವ ಈ ಗುಣವೇ ಸಾಯುತ್ತಿರುವ ಹಲ್ಲಿಗೆ ಶಾಪ. ಊಟ ಬಿಟ್ಟ ಮುದಿ ನಾಯಿ ಕೆಲವು ದಿನಗಳಲ್ಲಿ ಕಣ್ಣು ಮುಚ್ಚೀತು. ಬೆನ್ನು ಮುರಿದ ಇಗ್ವಾನಾ ತಿಂಗಳು ಎಳೆಯುತ್ತದೆ. ಕಾಡಿನಲ್ಲಾದರೆ ನಡೆಯಲಾಗದ ಹಲ್ಲಿಯನ್ನು ಹದ್ದೋ ಹಾವೋ ಒಂದು ದಿನದೊಳಗೆ ಮುಗಿಸುತ್ತದೆ. ಹದ್ದು ಬಾರದ, ಹಾವು ಬಾರದ ಗಾಜಿನ ಪೆಟ್ಟಿಗೆಯಲ್ಲಿ ನಿಧಾನವಾಗಿ ಒಣಗುವುದನ್ನು ಸಹಜ ಸಾವು ಎನ್ನುವುದು ಹೇಗೆ? ಆ ಸಾವನ್ನು ಪೆಟ್ಟಿಗೆ ತಂದವರೇ ರಚಿಸಿದ್ದಾರೆ. ಕೊನೆಗೊಳಿಸುವ ಹೊಣೆಯೂ ಅವರದೇ. ಪಾಪದ ಲೆಕ್ಕ ಹಾಕುವುದಾದರೆ ಹಲ್ಲಿಯನ್ನು ಕೊಂಡ ದಿನದಿಂದಲೇ ಹಾಕಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನುಷ್ಯನನ್ನು ಬಿಟ್ಟು ಜೀವವಿರುವ ಪ್ರತಿಯೊಂದೂ ಪ್ರಾಣಿಯೇ. ಹಲ್ಲಿಯೂ ಅದರೊಳಗೆ ಬಂತು. ಅನಗತ್ಯ ಕ್ರೂರ ರೀತಿಯಲ್ಲಿ ಕೊಲ್ಲುವುದು 11ನೇ ಸೆಕ್ಷನ್ನಿನಡಿ ಅಪರಾಧ, ಊಟ ನೀರು ಕೊಡದಿರುವುದೂ ಅಪರಾಧ. ಬದುಕಿಸಿಡುವುದು ಕ್ರೌರ್ಯವಾಗುವ ಸ್ಥಿತಿ ಇರುತ್ತದೆಂದು 13ನೇ ಸೆಕ್ಷನ್ ಒಪ್ಪಿಕೊಳ್ಳುತ್ತದೆ. ಆದರೆ ಸಾಕಿದ್ದು ನಮ್ಮ ನಾಡಿನ ಉಡವಾಗಿದ್ದರೆ ಕಥೆಯೇ ಬೇರೆ. ಅದು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಸಾಕುವುದೇ ಅಪರಾಧ, ಗುಣವಾಗದ ಉಡವನ್ನು ಕೊನೆಗೊಳಿಸಲು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರ ಲಿಖಿತ ಅನುಮತಿ ಬೇಕು. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ದಾರಿ. ಹಸಿರು ಇಗ್ವಾನಾದಂಥ ವಿದೇಶಿ ಪ್ರಾಣಿಗಳಿಗೆ ಅದೇ ಕಾಯ್ದೆಯ 2022ರ ತಿದ್ದುಪಡಿ ನೋಂದಣಿ ಕಡ್ಡಾಯ ಮಾಡಿತು, 2024ರ ಫೆಬ್ರವರಿಯ ನಿಯಮಗಳು ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್ಲಿನಲ್ಲಿ ಅದನ್ನು ಮಾಡಿಸಲು ಆರು ತಿಂಗಳ ಗಡುವು ಕೊಟ್ಟವು. ಸಾವನ್ನೂ ವರದಿ ಮಾಡಬೇಕು. ಇದರ ಒಂದು ಅಡ್ಡಪರಿಣಾಮ ಬೇಸರದ್ದು: ಕಾಗದವಿಲ್ಲದ ಹಲ್ಲಿಯ ಮಾಲೀಕರು ಹೆದರಿ ಡಾಕ್ಟರ ಬಳಿಯೇ ಹೋಗುವುದಿಲ್ಲ, ಹಲ್ಲಿ ಪೆಟ್ಟಿಗೆಯಲ್ಲೇ ಒಣಗುತ್ತದೆ.

ಹೋಗುವುದಾದರೂ ಎಲ್ಲಿಗೆ? ಮಧುರವಾಡದ ಪಕ್ಕದಲ್ಲೇ, ಕಂಬಾಲಕೊಂಡ ಕಾಡಿನ ಅಂಚಿಗೆ, 1977ರಲ್ಲಿ ತೆರೆದ ಇಂದಿರಾ ಗಾಂಧಿ ಮೃಗಾಲಯವಿದೆ. ಮೃಗಾಲಯ ಮನೆಪ್ರಾಣಿಗಳ ಆಸ್ಪತ್ರೆಯಲ್ಲ. ವಿಜಯವಾಡದ ಹತ್ತಿರ ಗನ್ನವರದಲ್ಲಿ ಎನ್‌ಟಿಆರ್ ಪಶುವೈದ್ಯ ಕಾಲೇಜಿದೆ, ವಿಶಾಖಪಟ್ಟಣದಿಂದ 300 ಕಿಲೋಮೀಟರಿಗೂ ಮೀರಿದ ದಾರಿ. ನಮ್ಮ ಪಶುವೈದ್ಯರ ಓದು ಹಸು, ಎಮ್ಮೆ, ಕುರಿ, ಕೋಳಿಗಳ ಸುತ್ತ ಬೆಳೆದದ್ದು. ಇಂಜೆಕ್ಷನ್ ಕೊಡುವ ಡಾಕ್ಟರು ಹತ್ತಿರದಲ್ಲಿರಬಹುದು, ಹಲ್ಲಿಗೆ ಕೊಡಬಲ್ಲವರು ಕಡಿಮೆ. ಒಪ್ಪಿಕೊಳ್ಳುವ ಮೊದಲು ಯಾವ ಔಷಧಿ, ಎಷ್ಟು ಹಂತ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಏಕೆಂದರೆ ಹಂತ ಎರಡಿರಬೇಕು. ಅಮೆರಿಕದ ಪಶುವೈದ್ಯಕೀಯ ಸಂಘದ 2020ರ ಮಾರ್ಗಸೂಚಿ ಹೇಳುವಂತೆ ಮೊದಲು ಪೂರ್ತಿ ಪ್ರಜ್ಞೆ ತಪ್ಪಿಸಬೇಕು. ಮುಂಗಾಲಿನ ಸ್ನಾಯುವಿಗೆ ಮತ್ತಿನ ಔಷಧಿ ಕೊಟ್ಟು ಕಾಯುತ್ತಾರೆ. ಹಲ್ಲಿಯ ಮೈ ಬೆಚ್ಚಗಿಲ್ಲದಿದ್ದರೆ ಈ ಕಾಯುವಿಕೆ ಬಹಳ ಉದ್ದವಾಗುತ್ತದೆ. ಬೆನ್ನ ಮೇಲೆ ಮಲಗಿಸುತ್ತಾರೆ: ಎಚ್ಚರವಿದ್ದರೆ ಮಗುಚಿಕೊಳ್ಳಲು ನೋಡುತ್ತದೆ. ಕಾಲ್ಬೆರಳು ಹಿಸುಕಿದರೂ ಸೆಳೆದುಕೊಳ್ಳದಿದ್ದಾಗ ಎರಡನೆಯ ಔಷಧಿ. ಅದಾದ ಮೇಲೂ ಡಾಪ್ಲರ್ ಯಂತ್ರ ಹಚ್ಚಿದರೆ ಗುಂಡಿಗೆಯ ಸದ್ದು ಕೇಳುತ್ತಲೇ ಇರಬಹುದು. ಮಿದುಳು ಸತ್ತ ಮೇಲೂ ಸರೀಸೃಪದ ಹೃದಯ ಬಹಳ ಹೊತ್ತು ಬಡಿಯುತ್ತದೆ. ಅದಕ್ಕೇ ಪ್ರಜ್ಞೆ ತಪ್ಪಿದ ಹಲ್ಲಿಯ ಮಿದುಳನ್ನು ಸೂಜಿಯಿಂದ ನಾಶಮಾಡಿ ಖಾತ್ರಿಪಡಿಸುತ್ತಾರೆ. ಕೇಳಲು ಕಠೋರ. ಹತ್ತು ನಿಮಿಷದಲ್ಲಿ "ಆಯ್ತು" ಎಂದು ಡಬ್ಬಿಗೆ ಹಾಕಿ ಕೊಟ್ಟ ಹಲ್ಲಿ ಮನೆಯಲ್ಲಿ ಮಿಸುಕಾಡುವುದು ಅದಕ್ಕಿಂತ ಕಠೋರ.

ಫ್ರೀಜರಿನಲ್ಲಿ ಇಟ್ಟರೆ ನಿದ್ದೆಯಲ್ಲೇ ಹೋಗುತ್ತದೆ ಎಂಬ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ. ಇದರ ಬಗ್ಗೆ ವಿಜ್ಞಾನಿಗಳಲ್ಲೇ ಜಗಳವಿದೆ. ಆಸ್ಟ್ರೇಲಿಯಾದ ರಿಚರ್ಡ್ ಶೈನ್ ಮತ್ತು ಜೊತೆಗಾರರು 2015ರಲ್ಲಿ ಕೇನ್ ಕಪ್ಪೆಗಳ ಮಿದುಳಿನ ಚಟುವಟಿಕೆ ಅಳೆದು, ಮೊದಲು ಫ್ರಿಜ್ಜಿನಲ್ಲಿ ತಣಿಸಿ ಆಮೇಲೆ ಹೆಪ್ಪುಗಟ್ಟಿಸಿದರೆ ನೋವಿನ ಲಕ್ಷಣ ಕಾಣಲಿಲ್ಲ ಎಂದರು. ಅಮೆರಿಕದ ಸಂಘ ಎಚ್ಚರವಿರುವ ಪ್ರಾಣಿಗೆ ಈ ವಿಧಾನವನ್ನು ಒಪ್ಪಿಲ್ಲ. ಕಪ್ಪೆಯ ಫಲಿತಾಂಶವನ್ನು ಒಂದೆರಡು ಕಿಲೋ ತೂಗುವ ಇಗ್ವಾನಾಗೆ ಹಚ್ಚಲು ನನಗೆ ಧೈರ್ಯ ಬರುವುದಿಲ್ಲ. ಅಷ್ಟು ದೊಡ್ಡ ಮೈ ಮನೆಯ ಫ್ರೀಜರಿನಲ್ಲಿ ತಣಿಯಲು ಗಂಟೆಗಳು ಬೇಕು.

ಮುಗಿದ ಮೇಲೆ ಒಂದು ಕೆಲಸ ಉಳಿಯುತ್ತದೆ. ಅದೇ ಮನೆಯಲ್ಲಿ ಇನ್ನೊಂದು ಹಲ್ಲಿ ಇದ್ದರೆ ಮರಣೋತ್ತರ ಪರೀಕ್ಷೆಗೆ ಹಣ ಖರ್ಚು ಮಾಡುವುದು ಒಳ್ಳೆಯದು; ನೋಂದಾಯಿಸಿದ ಪ್ರಾಣಿಯಾಗಿದ್ದರೆ ಸಾವಿನ ವರದಿಗೂ ಆ ಕಾಗದ ಒದಗುತ್ತದೆ. ಕ್ರಿಪ್ಟೊಸ್ಪೊರಿಡಿಯಂ ಕಂಡುಬಂದರೆ ಬ್ಲೀಚಿಂಗ್ ಪುಡಿಯಲ್ಲಿ ತೊಳೆದರೂ ಅದರ ಬೀಜಕಣಗಳು ಸಾಯುವುದಿಲ್ಲ. ಕೊಂಬೆ, ಕಲ್ಲು, ಹಾಸು ಎಲ್ಲವನ್ನೂ ಎಸೆಯಬೇಕು, ಉಳಿದ ಹಲ್ಲಿಯ ಹಿಕ್ಕೆಯನ್ನು ಲ್ಯಾಬಿಗೆ ಕಳಿಸಬೇಕು, ಫಲಿತಾಂಶ ಬರುವವರೆಗೆ ಅದನ್ನು ಹೊಸ ಪೆಟ್ಟಿಗೆಯಲ್ಲಿ ಬೇರೆಯೇ ಇಡಬೇಕು, ಹೊಸ ದೀಪದಡಿ.